ಬೆಂಗಳೂರಿನಿಂದ ಬೀದರಿಗೆ: ಆಕಾಶದ ದೂರ, ಗಡಿಯಾರದ ಕಾಲ



ತೊಂಡೇಬಾವಿಯ ರೈಲು ನಿಲ್ದಾಣದಲ್ಲಿ ಗಾಡಿಗಾಗಿ ಕಾಯುತ್ತಾ ತಲೆಯೆತ್ತಿ ನೋಡಿದರೆ ವಿಮಾನಗಳು ಕಾಣುತ್ತವೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದಂದಿನಿಂದ ಈ ಭಾಗದವರಿಗೆ ಅದು ಹೊಸ ನೋಟವೇನಲ್ಲ. ಅವುಗಳಲ್ಲೊಂದು ಬೀದರಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಎಷ್ಟು ದೂರ ಹಾರಬೇಕು? ಎಷ್ಟು ಹೊತ್ತು ಬೇಕು? ಶಾಲೆಯ ಅಟ್ಲಾಸ್ ಒಂದಿದ್ದರೆ ಲೆಕ್ಕವನ್ನು ನೀವೇ ಮಾಡಬಹುದು.

ಕೆಂಪೇಗೌಡ ನಿಲ್ದಾಣ 13 ಡಿಗ್ರಿ 12 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ. ಬೀದರಿನ ನಿಲ್ದಾಣ ಸುಮಾರು 17 ಡಿಗ್ರಿ 55 ನಿಮಿಷದಲ್ಲಿದೆ. ಇಲ್ಲಿ ನಿಮಿಷವೆಂದರೆ ಕೋನದ ನಿಮಿಷ, ಗಡಿಯಾರದ್ದಲ್ಲ. ವ್ಯತ್ಯಾಸ 4 ಡಿಗ್ರಿ 43 ನಿಮಿಷ, ಅಂದರೆ 283 ನಿಮಿಷ. ಅಕ್ಷಾಂಶದ ಒಂದು ನಿಮಿಷಕ್ಕೆ ಒಂದು ನಾಟಿಕಲ್ ಮೈಲಿ, ಅದು 1.852 ಕಿಲೋಮೀಟರ್. ಗುಣಿಸಿದರೆ 524 ಕಿ.ಮೀ. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಲೆಕ್ಕ ಇಷ್ಟು ಸುಲಭವಾಯಿತು. ಅಂದಹಾಗೆ, ದೂರವನ್ನು ಡಿಗ್ರಿಯಲ್ಲಿ ಅಳೆಯುವವರು ನಿಮ್ಮ ನೆರೆಯಲ್ಲೇ ಇದ್ದಾರೆ: 1965ರಲ್ಲಿ ಸ್ಥಾಪಿತವಾದ ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರದವರು!

ರೇಖಾಂಶ ಬೇರೆಯಾದರೆ ಭೂಪಟ ನಮ್ಮನ್ನು ಮೋಸಗೊಳಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮಾರ್ಗವಾಗಿ, ಸುಮಾರು 17 ಗಂಟೆಯಲ್ಲಿ, ಎಲ್ಲೂ ಇಳಿಯದೆ ಬಂದರು. ಗೋಳದ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿ. ಅದು ಧ್ರುವದ ಹತ್ತಿರವೇ ಹಾಯುತ್ತದೆ. ಉದ್ದ ಸುಮಾರು 14,000 ಕಿ.ಮೀ.

ಈಗ ಬೀದರಿಗೆ ಹಿಂತಿರುಗೋಣ. ಎ.ಟಿ.ಆರ್. ಮಾದರಿಯ ಸಣ್ಣ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹಾರುತ್ತದೆ. ಹಾಗಾದರೆ ಒಂದು ಗಂಟೆ ಸಾಕಲ್ಲವೇ? ಸಾಲದು. ವೇಳಾಪಟ್ಟಿಯ ಕಾಲ ವಿಮಾನ ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಇನ್ನೊಂದು ಕಡೆ ಪೂರ್ತಿ ನಿಂತಾಗ ಮುಗಿಯುತ್ತದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಉತ್ತರಕ್ಕೆ ಹೋಗುವ ವಿಮಾನವೂ ಮೊದಲು ಪೂರ್ವಕ್ಕೋ ಪಶ್ಚಿಮಕ್ಕೋ ಏರಿ ಆಮೇಲೆ ತಿರುಗಬೇಕು. ಏರುವಾಗ, ಇಳಿಯುವಾಗ ಪೂರ್ಣ ವೇಗವಿರುವುದಿಲ್ಲ. ಅಡ್ಡಗಾಳಿ ಬೀಸಿದರೆ ಮೂತಿಯನ್ನು ಗಾಳಿಯ ಕಡೆಗೆ ಸ್ವಲ್ಪ ವಾಲಿಸಿಕೊಂಡೇ ಸಾಗಬೇಕು, ಹೊಳೆ ದಾಟುವ ಅಂಬಿಗ ಮಾಡುವಂತೆ. ಇದಲ್ಲದೆ, ನಿಲ್ದಾಣಕ್ಕೆ ಮುಂಚಿತವಾಗಿ ಹೋಗಿ ಕಾಯುವ ಹೊತ್ತು ಬೇರೆ. ಅದನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ.

ಆದರೂ ಈ ಒಂದು ಗಂಟೆ ಚಿಲ್ಲರೆ ಲೆಕ್ಕವಲ್ಲ. ಬೀದರಿಗೆ ನಾಗರಿಕ ವಿಮಾನ ಸೇವೆ 2020ರ ಫೆಬ್ರವರಿಯಲ್ಲಿ ಆರಂಭವಾಯಿತು. ನಡುವೆ ನಿಂತು, ಮತ್ತೆ ಶುರುವಾಯಿತು. ಸೇವೆ ನಿಂತ ದಿನಗಳಲ್ಲೂ ದೂರ ಅದೇ 524 ಕಿ.ಮೀ. ಆದರೆ ಬೆಂಗಳೂರಿನ ಆಸ್ಪತ್ರೆಗೆ ಬರಬೇಕಾದ ಬೀದರಿನ ರೋಗಿಗೆ ಅದು ರೈಲಿನಲ್ಲೋ ಬಸ್ಸಿನಲ್ಲೋ ಕಳೆಯಬೇಕಾದ ಒಂದು ಇಡೀ ರಾತ್ರಿ.