ಪರದೆಯ ಮುಂದೆ ಕುಳಿತ ಮಗು
(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಈ ವಿಷಯ ಮಠದ ಅಂಗಳದಲ್ಲಿ ಆಡುವಂಥದ್ದೇ ಎಂದು ಕೆಲವರು ಬಾಗಿಲಲ್ಲೇ ಕೇಳಿದರು. ನಮ್ಮ ಪ್ರಸಾದ ನಿಲಯದ ಮಕ್ಕಳ ಕೈಯಲ್ಲೂ ಮೊಬೈಲ್ ಇದೆ. ಅವರಲ್ಲಿ ಸಲಿಂಗಪ್ರೇಮಿಗಳು, ಹುಟ್ಟಿದ ಮೈಗೂ ಮನಸ್ಸಿಗೂ ಹೊಂದದವರು ಇದ್ದೇ ಇರುತ್ತಾರೆ. ಇಲ್ಲಿ ಆಡದೆ ಇನ್ನೆಲ್ಲಿ ಆಡೋಣ?

ಇಂಥ ಮಗುವಿಗೆ ಬೇರೆಯವರಿಗಿಲ್ಲದ ಒಂದು ಕಷ್ಟವಿದೆ. ಬಡವರ ಮಗುವಿನ ಮನೆಯಲ್ಲಿ ಎಲ್ಲರೂ ಬಡವರೇ. ಜಾತಿಯ ಅವಮಾನ ಉಂಡ ಮಗುವಿಗೆ ಅದನ್ನೇ ಉಂಡ ತಾಯಿ ಇರುತ್ತಾಳೆ, ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಈ ಮಗುವಿಗೆ ಮನೆಯಲ್ಲಾಗಲಿ ಓಣಿಯಲ್ಲಾಗಲಿ ತನ್ನಂಥವರು ಕಾಣುವುದಿಲ್ಲ. ತನ್ನಂಥವರನ್ನು ಅದು ಮೊದಲು ನೋಡುವುದು ಪರದೆಯ ಮೇಲೆ. ಪರದೆ ತೋರಿಸುವುದೇನು? ಗಂಡಸು ಸೀರೆಯುಟ್ಟು ಬಳುಕುವ ಹಾಸ್ಯ. ಮನೆಮಂದಿಯೆಲ್ಲ ನಗುತ್ತಾರೆ, ಹುಡುಗನೂ ನಗುತ್ತಾನೆ. ನಗದಿದ್ದರೆ ಸಿಕ್ಕಿಬೀಳುತ್ತಾನಲ್ಲ! ಅಪ್ಪ ಯಾವ ಮಾತಿಗೆ ಥೂ ಅಂದರು, ಅವ್ವ ಯಾವಾಗ ಚಾನೆಲ್ ಬದಲಿಸಿದಳು, ಎಲ್ಲವನ್ನೂ ಅವನು ಲೆಕ್ಕವಿಡುತ್ತಾನೆ. ಮುಂದೆ ನಿದ್ದೆ ಹೋಗುವುದು, ಓದು ಕೆಡುವುದು, ಬದುಕೇ ಬೇಡವೆನಿಸುವುದು ಇಂಥ ಲೆಕ್ಕದಿಂದಲೇ.

ಸುದ್ದಿವಾಹಿನಿಗಳದ್ದು ಇನ್ನೊಂದು ಬಗೆ. 2010ರ ಫೆಬ್ರುವರಿಯಲ್ಲಿ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದವರು ನುಗ್ಗಿದರು. ಕೆಲಸದಿಂದ ಅಮಾನತಾದದ್ದು ಪ್ರಾಧ್ಯಾಪಕರೇ! ಅಲಹಾಬಾದ್ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟ ಕೆಲವೇ ದಿನಗಳಲ್ಲಿ ಅವರು ಮನೆಯಲ್ಲಿ ಶವವಾಗಿ ಸಿಕ್ಕರು. ಮರುವರ್ಷ ಹೈದರಾಬಾದಿನ ತೆಲುಗು ವಾಹಿನಿಯೊಂದು ಸಲಿಂಗಪ್ರೇಮಿಗಳ ಫೋನ್ ಮಾತುಗಳನ್ನೂ ಫೋಟೋಗಳನ್ನೂ ಬಿತ್ತರಿಸಿತು. ವಾಹಿನಿಗಳದೇ ನಿಯಂತ್ರಣ ಪ್ರಾಧಿಕಾರ ಅದಕ್ಕೆ 1 ಲಕ್ಷ ರೂಪಾಯಿ ದಂಡ ಹಾಕಿತು. ದಂಡ ಕಟ್ಟಿದರೆ ಬಯಲಾದ ಮುಖ ಮತ್ತೆ ಮರೆಯಾಗುತ್ತದೆಯೇ?

ಒಳ್ಳೆಯದೂ ಇದೆ, ಹೇಳದಿದ್ದರೆ ತಪ್ಪಾದೀತು. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿಯೂ ಸೀರೆಯಿದೆ, ಯಾರೂ ನಗುವುದಿಲ್ಲ. 2021ರಲ್ಲಿ ನಮ್ಮ ಮಂಜಮ್ಮ ಜೋಗತಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಆ ಒಂದು ನಿಮಿಷ ಎಷ್ಟು ಮಕ್ಕಳಿಗೆ ಉಸಿರು ಕೊಟ್ಟಿತೋ!

ಮೊಬೈಲ್ ಎರಡಲಗಿನ ಕತ್ತಿ. ‘ನೀನೊಬ್ಬನೇ ಅಲ್ಲ’ ಎಂದು ಹೇಳುವುದೂ ಅದೇ, ಗೆಳೆಯನ ಸೋಗಿನಲ್ಲಿ ಫೋಟೋ ಪಡೆದು ‘ನಿಮ್ಮಪ್ಪನಿಗೆ ಕಳಿಸುತ್ತೇನೆ’ ಎಂದು ಹಣ ಕೀಳುವವರನ್ನು ತರುವುದೂ ಅದೇ. ಬೆದರಿಸುವವನ ಬಂಡವಾಳ ಮನೆಯವರ ಭಯ. ಮನೆಯವರು ಒಪ್ಪಿಬಿಟ್ಟರೆ ಅವನ ಅಂಗಡಿ ಮುಚ್ಚಿತು. ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ‘ಸರಿ ಮಾಡಿಕೊಡುತ್ತೇವೆ’ ಎನ್ನುವ ಚಿಕಿತ್ಸೆ ವೈದ್ಯವೃತ್ತಿಗೆ ದ್ರೋಹವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿದೆ. ಆದರೂ ಯೂಟ್ಯೂಬಿನಲ್ಲಿ ಔಷಧ ಮಾರುವವರಿದ್ದಾರೆ, ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಹಿರಿಯರೂ ಇದ್ದಾರೆ. ಹಾಗೆ ಮಾಡಿದ ಮದುವೆಯಲ್ಲಿ ಇನ್ನೊಬ್ಬರ ಮನೆಯ ಹೆಣ್ಣುಮಗಳ ಬದುಕೂ ಹಾಳು.

ನಿಲಯಪಾಲಕರಲ್ಲಿ ಒಂದು ಬಿನ್ನಹ. ಯಾವ ಮಗುವಾದರೂ ನಿಮ್ಮೆದುರು ಬಾಯಿಬಿಟ್ಟರೆ ಅದರ ಒಪ್ಪಿಗೆಯಿಲ್ಲದೆ ಊರಿಗೆ ಫೋನ್ ಮಾಡಬೇಡಿ. ಮೊಬೈಲ್ ಕಸಿದು ತಡಕಬೇಡಿ. ಹಾಗೆ ಮಾಡಿದರೆ ಆ ಕ್ಯಾಮೆರಾದವರಿಗೂ ನಮಗೂ ವ್ಯತ್ಯಾಸವಿಲ್ಲ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿದೆ, ಕನ್ನಡದಲ್ಲೇ ಮಾತಾಡಬಹುದು. ಊಟದ ಹೊತ್ತಿನ ಫಲಕದ ಪಕ್ಕದಲ್ಲೇ, ಎಲ್ಲರ ಕಣ್ಣಿಗೆ ಬೀಳುವಂತೆ, ಆ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ. ಆಗ ಅದನ್ನು ಓದುತ್ತ ನಿಂತವನನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ.