ಹಾಡಿಕೆ ಬೇರೆ, ಹೇರಿಕೆ ಬೇರೆ

(ಗಂಗಾವತಿಯಲ್ಲಿ ತರುಣ ಕಾರ್ಯಕರ್ತರ ಸಭೆಯಲ್ಲಿ ಆಡಿದ ಮಾತುಗಳು)



ಮೊದಲು ನನ್ನದೊಂದು ತಪ್ಪೊಪ್ಪಿಗೆ. ಒಂದು ರಾಜ್ಯೋತ್ಸವದ ದಿನ ನಮ್ಮ ಮೆರವಣಿಗೆ ಇದೇ ಊರಿನ ಒಂದು ಚಹಾ ಅಂಗಡಿಯ ಮುಂದೆ ಬಂತು. ಒಳಗೆ ತೆಲುಗು ಹಾಡು ಜೋರಾಗಿ ಕೇಳುತ್ತಿತ್ತು. "ಏ, ಬಂದ್ ಮಾಡೋ ಅದನ್ನ!" ಎಂದು ಕೂಗಿದವರಲ್ಲಿ ನನ್ನ ದನಿಯೇ ಜೋರು. ಅಂಗಡಿಯ ಹುಡುಗ ಬಂದ್ ಮಾಡಿದ. ಆಮೇಲೆ ಬಿಸಿಲಲ್ಲಿ ಬಂದ ನಮಗೆಲ್ಲ ನೀರು ಕೊಟ್ಟ. ಕೊಡುತ್ತಾ ಅಚ್ಚ ಗಂಗಾವತಿ ಕನ್ನಡದಲ್ಲಿ ಹೇಳಿದ: "ಅಣ್ಣಾ, ಹಾಡು ಚಲೋ ಐತಿ ಅಂತ ಹಚ್ಚಿದ್ದೆ. ಕನ್ನಡ ಬ್ಯಾಡ ಅಂತಲ್ಲ." ಅವನು ಪಕ್ಕದ ಕ್ಯಾಂಪಿನ ಹುಡುಗ.

ಅವತ್ತು ರಾತ್ರಿ ಮನೆಯಲ್ಲಿ ನಾನು ಏನು ಮಾಡಿದೆ ಗೊತ್ತೆ? ಇಯರ್‌ಫೋನ್ ಹಾಕಿಕೊಂಡು ಅದೇ ಹಾಡನ್ನು ಪೂರ್ತಿ ಕೇಳಿದೆ. ಬೀದಿಯಲ್ಲಿ ಒಂದು, ಕೋಣೆಯಲ್ಲಿ ಒಂದು!

ಈಗ ನಿಮ್ಮ ಮೊಬೈಲ್ ತೆಗೆದು ನೋಡಿಕೊಳ್ಳಿ. ಹಿಂದಿ ಇದೆ, ತಮಿಳು ಇದೆ, ಇಂಗ್ಲಿಷ್ ಇದೆ. ನಿಮ್ಮ ತಂಗಿಯ ಮೊಬೈಲಿನಲ್ಲಿ ಬಿಟಿಎಸ್ ಎಂಬ ಕೊರಿಯಾದ ಹುಡುಗರ ಹಾಡಿದೆ. ಅವಳಿಗೆ ಅದರ ಒಂದು ಶಬ್ದವೂ ತಿಳಿಯದು. ನೀವೆಲ್ಲ ಕನ್ನಡ ದ್ರೋಹಿಗಳೆ? ಅಲ್ಲ. ಆದರೂ ಕದ್ದು ಕೇಳುತ್ತೀರಿ. ಯಾಕೆ ಕದಿಯಬೇಕು?

ನಮ್ಮ ನೆಲದ ಕಥೆಯನ್ನೇ ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಭತ್ತ ಬೆಳೆದರು, ಕ್ಯಾಂಪು ಕಟ್ಟಿದರು. ಅವರ ಜೊತೆಗೆ ಅವರ ಹಾಡೂ ಬಂತು. ಅದೇ ಕಾಲದಲ್ಲಿ ಅದೇ ಸೀಮೆಯಿಂದ ಇನ್ನೊಬ್ಬರು ಕನ್ನಡಕ್ಕೆ ಬಂದರು. ಕಾಕಿನಾಡದಲ್ಲಿ ಹುಟ್ಟಿದ ಪಿ.ಬಿ. ಶ್ರೀನಿವಾಸ್! 1974ರ 'ಸಂಪತ್ತಿಗೆ ಸವಾಲ್' ನಂತರ ಅಣ್ಣಾವ್ರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅಲ್ಲಿಯವರೆಗೆ ತೆರೆಯ ಮೇಲಿನ ಅವರ ಹಾಡಿನ ದನಿ ಹೆಚ್ಚಾಗಿ ಈ ತೆಲುಗು ನಾಡಿನ ಮಗನದು. ಗುಂಟೂರು ಸೀಮೆಯ ಎಸ್. ಜಾನಕಿಯವರ ದನಿ ಇಲ್ಲದ ಕನ್ನಡ ಮನೆ ಯಾವುದಿತ್ತು ಹೇಳಿ?

ಇನ್ನೂ ಹಿಂದಕ್ಕೆ ಹೋಗೋಣ. ನಮ್ಮ ತಾಲೂಕಿನ ಆನೆಗುಂದಿಗೆ ಹೋಗಿ ಹೊಳೆಯ ನಡುವಿನ ನವಬೃಂದಾವನ ನೋಡಿ ಬಂದಿದ್ದೀರಿ. ಅಲ್ಲಿ ವ್ಯಾಸರಾಯರ ಬೃಂದಾವನವಿದೆ. ಅವರ ಶಿಷ್ಯ ಪುರಂದರದಾಸರು. ಇವತ್ತಿಗೂ ಚೆನ್ನೈಯಲ್ಲಿ, ವಿಜಯವಾಡದಲ್ಲಿ ಕರ್ನಾಟಕ ಸಂಗೀತ ಕಲಿಯಲು ಕೂತ ಮಗು ಸರಳೆ, ಅಲಂಕಾರ ಮುಗಿಸಿ ಮೊದಲು ಹಾಡುವುದು ದಾಸರ ಪಿಳ್ಳಾರಿ ಗೀತೆ. ಕನ್ನಡ ಬಾರದ ಮಗು ಕನ್ನಡದಲ್ಲಿ ಹಾಡುತ್ತದೆ. ಅರ್ಥ ಆಮೇಲೆ, ಮೊದಲು ನಾದ. ಅದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಾದರೆ ಅವರ ಹಾಡು ನಮ್ಮ ಕಿವಿಗೆ ಬಿದ್ದರೆ ಮಾತ್ರ ಮೈಲಿಗೆಯೆ?

ಗದಗಿನ ಭೀಮಸೇನ ಜೋಶಿಯವರ ವಿಚಾರ ಕೇಳಿ. ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಠುಮರಿಯ ರೆಕಾರ್ಡು ಕಿವಿಗೆ ಬಿತ್ತು. ಹಾಡು ಹಿಂದಿಯದು, ಹುಡುಗ ಕನ್ನಡದವನು. 1933ರಲ್ಲಿ, 11 ವರ್ಷದ ಪೋರ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದ. ಉತ್ತರದ ಊರೂರು ತಿರುಗಿ ಬಂದು, ಕೊನೆಗೆ ಕಲಿತದ್ದು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ. 2008ರಲ್ಲಿ ಭಾರತರತ್ನ ಬಂತು. ದಾಸರ ಪದಗಳನ್ನು ದೇಶವೆಲ್ಲ ಕೇಳುವಂತೆ ಹಾಡಿದವರು ಅವರೇ. ಆ ಹುಡುಗನಿಗೆ ಯಾರಾದರೂ "ಬಂದ್ ಮಾಡೋ ಅದನ್ನ" ಅಂದಿದ್ದರೆ ನಷ್ಟ ಯಾರಿಗೆ?

"ಹಂಗಾದ್ರ ಹೋರಾಟ ಯಾಕ್ರಿ?" ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮನ ಸೀಮೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಕನ್ನಡದ ಮಗು ತನ್ನ ನುಡಿಯಲ್ಲಿ ಓದುವುದು ಕಷ್ಟವಾಗಿತ್ತು. ಅದು ಹೇರಿಕೆ. ಅದರ ವಿರುದ್ಧ ನಮ್ಮ ಹಿರಿಯರು ಸೆಣಸಿದ್ದು ಸರಿ. ಆದರೆ ಅದೇ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿ ರಿವಾಯತ ಪದ ಹಾಡಿದರು. ಕರ್ಬಲಾದ ಕಥೆ, ಕನ್ನಡದ ನುಡಿ! ಹೇರಿದ್ದನ್ನು ಎದುರಿಸಿದರು, ಹಾಡನ್ನು ತಮ್ಮದು ಮಾಡಿಕೊಂಡರು. ಆ ವಿವೇಕ ಓದು ಬಾರದ ನಮ್ಮ ಅಜ್ಜಂದಿರಿಗಿತ್ತು.

2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಶುರುವಾದಾಗ ಹಿಂದಿ ಹಾಡಿನದೇ ದರ್ಬಾರು. "ಇಲ್ಲಿ ಕನ್ನಡ ಕೇಳುವವರಿಲ್ಲ" ಎಂಬ ನೆಪ. ಕನ್ನಡಿಗರು ಪ್ರತಿಭಟಿಸಿದರು. ಮುಂದೆ ಕನ್ನಡ ಹಾಡನ್ನೇ ನೆಚ್ಚಿಕೊಂಡ ಕೇಂದ್ರಗಳು ಬಂದವು, ಜನ ಮುಗಿಬಿದ್ದು ಕೇಳಿದರು. ಅಲ್ಲಿ ಜಗಳ ನಡೆದದ್ದು ಪ್ರಸಾರ ಮಾಡುವವನ ಜೊತೆ. ಹಿಂದಿ ಹಾಡು ಕೇಳುತ್ತಿದ್ದ ಆಟೋ ಡ್ರೈವರನ ಜೊತೆ ಅಲ್ಲ.

ನಮ್ಮ ಕೆಲಸವೂ ಅಂಥಲ್ಲೇ ಇದೆ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ನಾವೇ ಚಂದಾ ಎತ್ತುತ್ತೇವೆ, ಹತ್ತು ಗಂಟೆಯಾದ ಮೇಲೆ ವೇದಿಕೆಯಲ್ಲಿ ಕನ್ನಡ ಹಾಡೇ ಇರುವುದಿಲ್ಲ. ಅದನ್ನು ಕೇಳಿ! ಕನ್ನಡ ಚಿತ್ರಕ್ಕೆ ಟಾಕೀಸು ಸಿಗದಿದ್ದರೆ ಮಾಲೀಕನನ್ನು ಕೇಳಿ. ಸಿಕ್ಕಾಗ ಟಿಕೆಟ್ಟು ಕೊಂಡು ನೋಡಿ. ಬ್ಯಾಂಕಿನ ಚಲನ್ನು, ರೈಲಿನ ಫಲಕ ಕನ್ನಡದಲ್ಲಿರದಿದ್ದರೆ ಬಿಡಬೇಡಿ. ಇವು ಎಲ್ಲರಿಗೂ ಸೇರಿದ ಜಾಗಗಳು. ಒಬ್ಬ ಹುಡುಗ ಕೆಲಸದ ನಡುವೆ ಇಷ್ಟಪಟ್ಟು ಕೇಳುವ ಹಾಡು ಅವನದು. ಅದರ ಮೇಲೆ ಕೈ ಹಾಕಿದ ದಿನ ನಾವೂ ಹೇರುವವರೇ ಆದೆವು.

ಇನ್ನೊಂದು ಮಾತು. ಪರಭಾಷೆಯ ಹಾಡು ಕೇಳುವಾಗ ಅರ್ಧ ಕಿವಿಯಲ್ಲಿ ಕೇಳಬೇಡಿ. ಅದರಲ್ಲಿ ನಿಮಗೆ ಹಿಡಿಸಿದ್ದೇನು, ತಾಳವೆ, ದನಿಯೆ, ವಾದ್ಯವೆ? ಅಂಥದ್ದು ಕನ್ನಡದಲ್ಲಿ ಯಾಕೆ ಬರಬಾರದು? ಆ ಹಸಿವು ಹುಟ್ಟಿದವನೇ ನಾಳೆ ಕನ್ನಡಕ್ಕೆ ಹೊಸ ಹಾಡು ಕಟ್ಟುತ್ತಾನೆ.

ಸುಮಾರು 850ರ ಹೊತ್ತಿಗೆ ಬಂದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕೊಪಣದ ಹೆಸರು ಹೇಳುತ್ತದೆ. ಅದು ನಮ್ಮ ಕೊಪ್ಪಳ! ಪರರ ವಿಚಾರವನ್ನು ತಾಳಿಕೊಳ್ಳುವ ಗುಣವನ್ನು ಹೊನ್ನಿನಂತೆ ಎಣಿಸಿದ್ದೂ ಅದೇ ಪುಸ್ತಕ. ತಿರುಳುಗನ್ನಡದ ನೆಲದವರು ನಾವು, ಇನ್ನೊಬ್ಬರ ಹಾಡಿಗೆ ಯಾಕೆ ಹೆದರಬೇಕು?

ಸಭೆ ಮುಗಿದ ಮೇಲೆ ನಾನು ಆ ಚಹಾ ಅಂಗಡಿಗೆ ಹೋಗುತ್ತೇನೆ. ಬರುವವರು ಬನ್ನಿ. ಆ ಹುಡುಗನಿಗೆ ನಾನು ಒಂದು ಮಾತು ಬಾಕಿ ಇದ್ದೇನೆ. ಅವನ ಹಾಡಿನ ಅರ್ಥವನ್ನು ಅವನಿಂದಲೇ ಕೇಳಿ ತಿಳಿಯೋಣ. ಆಮೇಲೆ ಪಿ.ಬಿ. ಶ್ರೀನಿವಾಸರದೊಂದು ಹಚ್ಚು ಎನ್ನೋಣ. ಅವನು ಹಚ್ಚುತ್ತಾನೆ, ನನಗೆ ನಂಬಿಕೆಯಿದೆ.

ಸಿರಿಗನ್ನಡಂ ಗೆಲ್ಗೆ!