ನಾಟಿ ಸಿಹಿಗುಂಬಳ: ಬೀಜ ಉಳೀಬೇಕಂದ್ರೆ ಕಾಯಿ ತಿನ್ಬೇಕು

ಇವತ್ತಿನ ಮಾತು ಕುಂಬಳಕಾಯಿ ಬಗ್ಗೆ. ಆಯುಧ ಪೂಜೆ ದಿನ ಗಾಡಿ ಮುಂದೆ ಒಡೀತೀವಲ್ಲ, ಆ ಬೂದುಗುಂಬಳ ಅಲ್ಲ. ಸಾರಿಗೆ ಹಾಕೋ ಸಿಹಿಗುಂಬಳ. ಅದರಲ್ಲೂ ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹೊಲದ ಅಂಚಲ್ಲಿ, ತಿಪ್ಪೆ ಪಕ್ಕದಲ್ಲಿ, ಮನೆ ಸೂರಿನ ಮೇಲೆ ಹಬ್ಬೋ ನಾಟಿ ಸಿಹಿಗುಂಬಳ.

ಮೂಲದಲ್ಲಿ ಇದು ನಮ್ಮ ನೆಲದ್ದಲ್ಲ. ಮೆಣಸಿನಕಾಯಿ, ಟೊಮೆಟೊ ಥರಾನೇ ಅಮೆರಿಕ ಖಂಡದಿಂದ ಬಂದದ್ದು. ಮತ್ತೆ ನಾಟಿ ಹೇಗಾಯ್ತು? ಮನೆ ಹೆಂಗಸರು ಒಳ್ಳೆ ಕಾಯಿ ನೋಡಿ ಬೀಜ ಎತ್ತಿಟ್ರು, ಮುಂದಿನ ಮಳೆಗೆ ಅದನ್ನೇ ಊರಿದ್ರು. ತಲೆಮಾರುಗಟ್ಟಲೆ ಹೀಗೇ ನಡೀತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೊಲದಲ್ಲಿ ರಾಗಿ, ಅವರೆ, ಸಾಸಿವೆ, ಜೋಳದ ಜೊತೆಗೇ ಕುಂಬಳ ಬಳ್ಳಿಗೂ ಜಾಗ ಇದೆ.

ಈಗಿನ ಸಮಸ್ಯೆ ಕಾಯಿಯ ಗಾತ್ರ. ನಾಟಿ ಕಾಯಿ ಐದಾರು ಕೆಜಿ ತೂಗೋದು ಮಾಮೂಲು. ಮೂರು ಜನ ಇರೋ ಮನೆಗೆ ಅರ್ಧ ಕೆಜಿ ಹೋಳು ಸಾಕು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯಮುಖಿ’ ತಳಿ ಸುಮಾರು ಒಂದು ಕೆಜಿಯ ಕಾಯಿ, ಸಣ್ಣ ಸಂಸಾರಕ್ಕೆ ಸರಿಹೋಗುತ್ತೆ. ಅದರಲ್ಲಿ ತಪ್ಪೇನಿಲ್ಲ. ಆದ್ರೆ ದೊಡ್ಡ ಕಾಯಿ ಕೇಳೋರೇ ಇಲ್ಲ ಅಂದ್ರೆ ಬೆಳೆಯೋರೂ ಬಿಡ್ತಾರೆ. ನಾಲ್ಕೈದು ವರ್ಷ ಯಾರೂ ಊರದಿದ್ರೆ ಡಬ್ಬಿಯಲ್ಲಿರೋ ಬೀಜ ಮೊಳೆಯೋ ಶಕ್ತಿ ಕಳ್ಕೊಳ್ಳುತ್ತೆ. ಅಲ್ಲಿಗೆ ಆ ಮನೆಯ ತಳಿ ಮುಗೀತು.

ನಾನು ಬಿಕಾಂ ಓದಿದವನು, ನಂಗೆ ಅರ್ಥ ಆಗೋದು ಹೀಗೆ: ಈ ವರ್ಷದ ಕ್ಲೋಸಿಂಗ್ ಸ್ಟಾಕೇ ಮುಂದಿನ ವರ್ಷದ ಓಪನಿಂಗ್ ಸ್ಟಾಕ್. ಹೈಬ್ರಿಡ್ ಕಾಯಿಯ ಬೀಜ ಊರಿದ್ರೆ ಅದೇ ಥರದ ಕಾಯಿ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ, ಪ್ರತಿ ಸಲ ಪ್ಯಾಕೆಟ್ ಕೊಳ್ಳಲೇಬೇಕು. ನಾಟಿ ಕಾಯಿ ಒಂದರಲ್ಲೇ ನೂರಾರು ಬೀಜ ಸಿಗುತ್ತೆ.

ಬೆಳೆಯೋದು ಸುಲಭ. ನಮ್ಮ ಕಡೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಒಳ್ಳೆ ಮಳೆ. ಅದಕ್ಕೆ ಸ್ವಲ್ಪ ಮುಂಚೆ ಗುಂಡಿಗೆ ಕೊಟ್ಟಿಗೆ ಗೊಬ್ಬರ ಹಾಕಿ ಮೂರ್ನಾಲ್ಕು ಬೀಜ ಊರಿ, ಎರಡು ಗಟ್ಟಿ ಸಸಿ ಉಳಿಸ್ಕೊಳ್ಳಿ. ಸುಮಾರು ನಾಲ್ಕು ತಿಂಗಳಿಗೆ, ಸಂಕ್ರಾಂತಿ ಹೊತ್ತಿಗೆ, ಕಾಯಿ ಬಲಿಯುತ್ತೆ. ಕಾಡಂಚಿನ ಹೊಲ ಆದ್ರೆ ಹಂದಿ, ಆನೆ ಬಿಡಲ್ಲ. ಮನೆ ಹತ್ರ ಹಬ್ಬಿಸೋದೇ ವಾಸಿ.

ಮೊದಲು ಬರೋದು ಬರೀ ಗಂಡು ಹೂವು. ‘ಹೂವು ಬಿಡ್ತು, ಕಾಯಿ ಕಚ್ಚಲಿಲ್ಲ’ ಅಂತ ಗಾಬರಿ ಆಗ್ಬೇಡಿ. ಬುಡದಲ್ಲಿ ಪುಟ್ಟ ಕಾಯಿ ಇರೋದು ಹೆಣ್ಣು ಹೂವು. ಪರಾಗ ಸಾಗಿಸೋದು ಜೇನ್ನೊಣ. ಅದು ಪಕ್ಕದ ಹೊಲದ ಬೇರೆ ಕುಂಬಳದಿಂದಲೂ ಪರಾಗ ತರುತ್ತೆ, ತಳಿ ಬೆರಕೆ ಆಗುತ್ತೆ. ತಳಿ ಶುದ್ಧವಾಗಿ ಬೇಕಂದ್ರೆ ನಾಳೆ ಅರಳೋ ಒಂದು ಗಂಡು, ಒಂದು ಹೆಣ್ಣು ಮೊಗ್ಗಿನ ತುದಿಯನ್ನ ಇವತ್ತು ಸಂಜೆಯೇ ದಾರದಲ್ಲಿ ಕಟ್ಟಿಡಿ. ಬೆಳಿಗ್ಗೆ ಬೇಗ ಬಿಚ್ಚಿ, ಗಂಡು ಹೂವಿನ ಪರಾಗವನ್ನ ಹೆಣ್ಣಿಗೆ ಸವರಿ, ಹೆಣ್ಣು ಹೂವನ್ನ ಮತ್ತೆ ಕಟ್ಟಿ. ಆ ಕಾಯಿಗೆ ಗುರುತು ಹಾಕಿ. ಹತ್ತು ನಿಮಿಷದ ಕೆಲಸ, ಅಷ್ಟೇ.

ಆ ಕಾಯಿಯನ್ನ ತೊಟ್ಟು ಒಣಗಿದ ಮೇಲೆ ಕೊಯ್ದು ಇನ್ನೂ ಎರಡು ಮೂರು ವಾರ ಇಡಿ, ಒಳಗೆ ಬೀಜ ಬಲಿಯುತ್ತೆ. ಆಮೇಲೆ ಬೀಜ ತೊಳೆದು ನೆರಳಲ್ಲಿ ಒಣಗಿಸಿ. ಅಡುಗೆಗೆ ಇಡೋ ಕಾಯಿಗೂ ತೊಟ್ಟು ಮುರೀಬೇಡಿ. ತೊಟ್ಟು ಗಟ್ಟಿ ಇದ್ರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡಲ್ಲ.

ಈಗ ಅಡುಗೆ. ನಮ್ಮನೇಲಿ ಮುದ್ದೆಗೆ ಅಲಸಂದೆ ಕಾಳು–ಕುಂಬಳಕಾಯಿ ಸಾರು. ಕಾಳು ಮುಕ್ಕಾಲು ಬೆಂದ ಮೇಲೇ ಹೋಳು ಹಾಕಿ, ಮೊದಲೇ ಹಾಕಿದ್ರೆ ಕರಗಿಹೋಗುತ್ತೆ. ಕಾಯಿತುರಿ, ಒಣಮೆಣಸಿನಕಾಯಿ, ಧನಿಯಾ, ಜೀರಿಗೆ, ಈರುಳ್ಳಿ ರುಬ್ಬಿ ಹಾಕಿ. ಸಿಹಿಗೆ ಸರಿದೂಗೋ ಹಾಗೆ ಹುಣಸೆಹುಳಿ ಚೂರು ಜಾಸ್ತಿ ಇರಲಿ. ಸಾಸಿವೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ರೆ ಮುಗೀತು. ಎಳೆ ಕುಡಿಯನ್ನ ಸೊಪ್ಪಿನ ಸಾರಿಗೆ ಹಾಕಬಹುದು, ಹೆಚ್ಚಾದ ಗಂಡು ಹೂವಿನ ಪಲ್ಯ ಆಗುತ್ತೆ. ಒಂದು ಎಚ್ಚರಿಕೆ: ಹೋಳು ಕಹಿ ಇದ್ರೆ ಬೇಯಿಸಿ ಸರಿಮಾಡೋಕೆ ಹೋಗ್ಬೇಡಿ, ಎಸೀರಿ. ಆ ಕಹಿ ಅಂಶ ಹೊಟ್ಟೆ ಕೆಡಿಸುತ್ತೆ. ಅದರ ಬೀಜವನ್ನೂ ಇಟ್ಕೋಬೇಡಿ.

ದೊಡ್ಡ ಕಾಯಿ ಏನ್ಮಾಡೋದು? ನಾಲ್ಕು ಮನೆಗೆ ಹಂಚಿ. ಮೊದಲೂ ಹಾಗೇ ಇತ್ತು: ಒಂದು ಮನೇಲಿ ಕುಂಬಳ ಕುಯ್ದ್ರೆ ಪಕ್ಕದ ಮನೆಗೊಂದು ಹೋಳು ಹೋಗೋದು. ಬೀಜವೂ ಅದರ ಜೊತೆಗೇ ಹೋಗೋದು. ಕಾನೂನೂ ಇದಕ್ಕೆ ಅಡ್ಡ ಬರಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ತಮ್ಮ ಬೀಜ ಉಳಿಸಿ, ಊರಿ, ಹಂಚಿ, ಬ್ರ್ಯಾಂಡ್ ಹಾಕದೆ ಮಾರಲೂಬಹುದು.

ಹಾಗಾಗಿ ಈ ಸಂಕ್ರಾಂತಿಗೆ ಊರಿಗೆ ಹೋದ್ರೆ ಅಟ್ಟದ ಮೇಲಿನ ಕಾಯಿ ಯಾವುದು, ಬೀಜ ಯಾರ ಮನೆಯಿಂದ ಬಂತು ಅಂತ ಅಜ್ಜಿನ ಕೇಳಿ. ಕುಯ್ದ ದಿನ ಬೀಜ ಕಸದ ಬುಟ್ಟಿಗೆ ಹಾಕೋಕೆ ಮುಂಚೆ ಒಂದು ಹಿಡಿ ತೆಗೆದಿಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಬರ್ಲಾ?